ಜಲಜಕ್ಕನ ಮೀನಿನ ಚೀಲ

ನನ್ನ ಅಕ್ಕ ಜಲಜಾಕ್ಷಿಯ ಕೈಯಿಂದ ಮೀನಿನ ಚೀಲ ಕಿತ್ತುಕೊಂಡದ್ದಕ್ಕೆ ಭೋಜ ಭಾವನನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಒಂದು ಚೀಲಕ್ಕೆ ಇಷ್ಟು ಸಿಟ್ಟೇ ಎಂದು ನಗುವವರು ನಗಲಿ.

ಉಡುಪಿ ಕಡೆಯಿಂದ ಮದುವೆಯಾಗಿ ಕಲ್ಕತ್ತೆಗೆ ಬಂದ ಅಕ್ಕನಿಗೆ ಆ ಊರಲ್ಲಿ ತನ್ನದು ಅಂತ ಇದ್ದದ್ದು ಮೀನಿನ ಬಜಾರ್ ಒಂದೇ. ಸಾಲ್ಟ್ ಲೇಕಿನ ಮನೆಯಿಂದ ಬೆಳಿಗ್ಗೆ ಒಬ್ಬಳೇ ಹೋಗುವಳು. ಇಲಿಶ್ ಮೀನಿನ ಕಿವಿರು ಎತ್ತಿ ನೋಡಿ, "ಇದು ನಿನ್ನ ಅಜ್ಜ ಹಿಡಿದದ್ದಾ ದಾದಾ?" ಎಂದು ಮುರುಕು ಬಂಗಾಳಿಯಲ್ಲಿ ಕೇಳಿದರೆ ಮಾರುವವನೇ ನಗುತ್ತಿದ್ದ. ಮನೆಯಲ್ಲಿ ಆ ನಾಲಿಗೆ ಇಲ್ಲ. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದ ಭಾವ ತಮ್ಮ ಕನ್ನಡಕವನ್ನು ತಾವೇ ಎಲ್ಲೋ ಇಟ್ಟು, "ಎಲ್ಲಿ ಮರ್ತಿಟ್ಟೆ, ಮಂಕುದಿಣ್ಣೆ?" ಎಂದು ಅವಳಿಗೆ ಬೈಯುವರು.

ಆಗಿನ್ನೂ ಬಂಗಾಳದಲ್ಲಿ ಕಮ್ಯುನಿಸ್ಟರ ಕೆಂಪು ಬಾವುಟದ ಸರ್ಕಾರ; ಕೆಲಸಕ್ಕೆಂದು ಬಂದ ನಾನೂ ಅಕ್ಕನ ಮನೆಯಲ್ಲೇ ಇದ್ದೆ. ಮೈಸೂರಿನ ವಸುಂಧರಾ ಎಂಬ ಸಂಶೋಧಕಿ ನಮ್ಮ ಕನ್ನಡ ಸಂಘಕ್ಕೆ ಬಂದಳು. ವಯಸ್ಸಿನ ಮರೆವು ಯಾವುದು, ಕಾಯಿಲೆಯ ಮೊದಲ ಮರೆವು ಯಾವುದು ಎಂದು ಮಿದುಳಿನ ಅಲೆ ನೋಡುವ ಕೆಲಸ ಅವಳದು. ಭಾವ ಎದ್ದು ನಿಂತರು. "ನನ್ನ ಹೆಂಡತಿಯನ್ನು ನೋಡಿ. ಅವಳ ತಲೆ ಸರಿ ಉಂಟು ಅಂತಾದ್ರೆ ಇದೇ ಸಭೆಯಲ್ಲಿ ಅವಳ ಹತ್ರ ತಪ್ಪಾಯ್ತು ಅಂತೇನೆ!" ಎಲ್ಲರೂ ನಕ್ಕರು. ಅಕ್ಕನೂ ತಲೆ ತಗ್ಗಿಸಿ ನಕ್ಕಳು.

ಗಂಡ ಹೆಂಡತಿ ಇಬ್ಬರ ತಲೆಗೂ ತಂತಿಯ ಟೋಪಿ ಹಾಕಿದರು. ಕುಂಯ್ ಕುಂಯ್ ಸದ್ದಿನ ನಡುವೆ ಬೇರೆ ಸದ್ದು ಬಂದರೆ ಎಣಿಸಬೇಕು. ಫಲಿತಾಂಶದ ದಿನ ಅವರಿಬ್ಬರ ಜೊತೆ ನಾನೊಬ್ಬನೇ ಹೋಗಿದ್ದೆ.

"ಒಬ್ಬೊಬ್ಬರಿಗೇ ಹೇಳ್ತೀನಿ ಅಂಕಲ್," ಎಂದಳು ವಸುಂಧರಾ.

"ಎಂತ ಗುಟ್ಟು? ಮೂವರ ಎದುರೂ ಹೇಳಿ."

ಹುಡುಗಿ ಅಕ್ಕನ ಮುಖ ನೋಡಿದಳು. "ಬೇರೆ ಸದ್ದು ಬಂದಾಗ ಮಿದುಳಲ್ಲಿ ಒಂದು ಅಲೆ ಏಳುತ್ತೆ. ವಯಸ್ಸಾದವರಿಗೆ ಸ್ವಲ್ಪ ತಡ. ಆಂಟಿದು ಅಷ್ಟೇ, ವಯಸ್ಸಿಗೆ ಸರಿಯಾಗಿದೆ. ನಿಮ್ಮದು ತುಂಬಾ ತಡ ಅಂಕಲ್. ನೆನಪಿನ ಪರೀಕ್ಷೇಲೂ ಹಿಂದಿದ್ದೀರಿ. ಡಾಕ್ಟರಿಗೆ ತೋರಿಸಿ."

ಮರುದಿನ ಅಕ್ಕ ಬಜಾರಿಗೆಂದು ಚೀಲ ತೆಗೆದದ್ದೇ ತಡ, ಭಾವ ಕಿತ್ತುಕೊಂಡರು. "ಆ ಹುಡುಗಿ ಹೇಳಿದ್ದು ಕೇಳಿಲ್ವಾ? ನಿನ್ನ ತಲೆ ಹೋಗಿದೆ. ದಾರಿ ತಪ್ಪಿದ್ರೆ ಹುಡುಕ್ಲಿಕ್ಕೆ ಯಾರು?"

ಅದು ಸುಳ್ಳೋ, ನಿಜವಾಗಿ ಮರೆತದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಭಾವನ ಮೇಲೆ ಕೈ ಎತ್ತಿದೆ. ಅಕ್ಕ ನಡುವೆ ನಿಂತಳು.

"ಬಿಡು ತಮ್ಮಾ. ಮ್ಯಾನೇಜರ್ ಆಗಿದ್ದ ಜನ. ಮರುಳ ಅಂತ ಊರು ನಗಾಡ್ಲಿಕ್ಕೆ ಬಿಡ್ಬೇಕಾ? ನನ್ನನ್ನು ಹೇಗೂ ನಗಾಡಿ ಆಗಿದೆ."

ಭಾವ ಸಂಘದಲ್ಲೂ ಅದನ್ನೇ ಸಾರಿದರು. ಅಂದಿನಿಂದ ಜನ ಅವಳೊಡನೆ ಮಗುವಿನ ಹತ್ತಿರ ಮಾತಾಡುವಂತೆ ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದರು. "ಇವತ್ತು ಯಾವ ವಾರ, ಜಲಜಕ್ಕಾ?" ಮೊದಲು ನಗುವವರು ಭಾವ. ನನ್ನ ಬಾಯಿಗೆ ಅವಳು ಆಣೆಯ ಬೀಗ ಹಾಕಿದ್ದಳು. ಮೀನು ನಾನೇ ತರುತ್ತಿದ್ದೆ. ಕೆಲವೊಮ್ಮೆ ಹಳತು ಸಿಕ್ಕುತ್ತಿತ್ತು. ಅವಳು ಕಿವಿರು ನೋಡಿ, ತೊಳೆಯುತ್ತಿದ್ದಳು.

ಎರಡನೇ ಚಳಿಗಾಲದಲ್ಲಿ ಅಕ್ಕ ಜ್ವರ ಬಂದು ತೀರಿಹೋದಳು. ಸಂಘದ ಸಂತಾಪ ಸಭೆಯಲ್ಲಿ ಭಾವ ಮೈಕ್ ಹಿಡಿದರು. ಈಗಲಾದರೂ ತಪ್ಪಾಯ್ತು ಅನ್ನುತ್ತಾರೆ ಎಂದು ನಾನು ಮುಷ್ಟಿ ಬಿಗಿದು ಕಾದೆ.

"ಪಾಪ, ಅವಳಿಗೆ ತಲೆ ಸರಿ ಇರಲಿಲ್ಲ," ಎಂದರು. ಬಂದು ನನ್ನ ಪಕ್ಕದಲ್ಲಿ ಕೂತರು. ಸುತ್ತ ನೋಡಿ ಮೆಲ್ಲಗೆ ಕೇಳಿದರು: "ಜಲಜ ಎಲ್ಲಿ ಮಾರಾಯಾ? ಅವಳ ಹತ್ರ ಎಂತದೋ ಹೇಳ್ಲಿಕ್ಕಿತ್ತು."