ಕಾಕಾ ತೊಳೆಯುತ್ತಿದ್ದ ಬಿಳಿ ಮರ

ಚಳಿಯಲ್ಲಿ ನೀರಾಡಿ ಕೆಂಪಗಾದ, ಬೆರಳ ತುದಿ ಸುಕ್ಕುಗಟ್ಟಿದ ಎರಡು ಕೈಗಳು, ಅವುಗಳಲ್ಲಿ ಹಿಡಿದ ಹಳೆಯ ಬನಿಯನ್ನಿನ ಚೂರು. ಪಕ್ಕದ ಮನೆಯ ಕಾಕಾ ಎಂದರೆ ನನಗೆ ಮೊದಲು ನೆನಪಾಗುವುದು ಇದೇ. ವಿಲಾಯತಿಯ ಕಿಂಗ್ಸ್‌ಬರಿಯ ನಮ್ಮ ಬೀದಿಯಲ್ಲಿ ಎಲ್ಲರೂ ಮನೆಮುಂದಿನ ತೋಟಕ್ಕೆ ಕಲ್ಲು ಹಾಸಿ ಕಾರು ನಿಲ್ಲಿಸಿಕೊಂಡರೆ, ಬಸ್ ಓಡಿಸಿ ನಿವೃತ್ತರಾದ ಧಾರವಾಡದ ಈ ಮನುಷ್ಯ ಕಾರನ್ನು ಬೀದಿಗೆ ಬಿಟ್ಟು ತೋಟದಲ್ಲಿ ಒಂದು ಬರ್ಚ್ ಮರ ಬೆಳೆಸಿದ್ದರು. ಹಿಮಾಲಯದ ಜಾತಿ, ಸುಣ್ಣ ಹೊಡೆದಂಥ ಬಿಳಿ ತೊಗಟೆ. ದೀಪಾವಳಿಯ ಬೆಳಿಗ್ಗೆ ತಮ್ಮ ಸ್ನಾನ ಮುಗಿಸಿ, ಬಕೆಟ್ಟಿನಲ್ಲಿ ಬಿಸಿನೀರು ತಂದು ಕಾಂಡದ ಪಾಚಿ ಒರೆಸುತ್ತಿದ್ದರು. "ನಮ್ದು ಆತು, ಇನ್ನ ಇದರ ಅಭ್ಯಂಜನ" ಎನ್ನುತ್ತಿದ್ದರು. ದಿನಾ ಗೋಡೆಯ ಮೇಲೆ ಅಳಿಲುಗಳಿಗೆ ಶೇಂಗಾ ಇಡುವುದು ಅವರ ಇನ್ನೊಂದು ನೇಮ.

ಒಂದು ಬೇಸಿಗೆ ಊರಿಗೆ ಹೋಗುವಾಗ ಮರಕ್ಕೆ ನೀರು ಹಾಕುವ ಕೆಲಸ ನನಗೆ ಒಪ್ಪಿಸಿದರು. ಆಗ ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ಅದು ಭೂರ್ಜವೃಕ್ಷವೆಂದು ನಾನೇ ಜಂಬದಿಂದ ಹೇಳಿದೆ. ಅದರ ತೊಗಟೆಯೇ ಹಿಂದಿನವರು ಬರೆಯುತ್ತಿದ್ದ ಭೂರ್ಜಪತ್ರ; ಅದರ ಮೇಲೆ ಶ್ರೀಕಾರ ಬರೆದು ದೇವರ ಮುಂದಿಡುವ ಆಸೆ ಅಮ್ಮನಿಗೆ. ತಾನಾಗಿ ಸುಲಿದುಬಂದ ಚೂರು ಬೇಕಾದಷ್ಟಿತ್ತು. ನನಗೆ ಅಗಲವಾದದ್ದೇ ಬೇಕು. ಉಗುರು ಹಾಕಿ ಎಳೆದೆ. ಅಂಗೈಯಗಲದ ಪಟ್ಟಿ ಹಸಿಹಸಿಯಾಗಿ ಕಿತ್ತು ಬಂತು. ವಾರದಲ್ಲಿ ಆ ಜಾಗ ಕಪ್ಪಾಯಿತು.

ಹಿಂದಿರುಗಿದ ಕಾಕಾ ಆ ಕಪ್ಪಿನ ಮೇಲೆ ಬಹಳ ಹೊತ್ತು ಬೆರಳಾಡಿಸಿದರು. "ಇಣಚಿ ಕೆಲಸ ಏನವಾ ಇದು?" ಎಂದು ಕೇಳಿದರು. ಇಣಚಿಯೆಂದರೆ ಅವರ ಕಡೆ ಅಳಿಲು.

"ಇರಬಹುದು ಕಾಕಾ" ಎಂದೆ.

ಮರುದಿನದಿಂದ ಶೇಂಗಾ ನಿಂತಿತು. ಯಾರನ್ನೂ ಗದರದ ಮನುಷ್ಯ, ಗೋಡೆಯ ಮೇಲೆ ಕಾದು ಕೂತ ಅಳಿಲುಗಳನ್ನು ಕೋಲು ಹಿಡಿದು ಓಡಿಸುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಗೂ ಇಷ್ಟು ಸಂಕಟವಾಗಿತ್ತೋ ಇಲ್ಲವೋ, ನಾನಂತೂ ಕಿಟಕಿಯ ಪರದೆ ಎಳೆದುಬಿಡುತ್ತಿದ್ದೆ. ಆದರೂ ಹೇಳಲಿಲ್ಲ.

ಹೋದ ದೀಪಾವಳಿಗೆ ಅವರಿಗೆ ಬಗ್ಗಲು ಆಗುತ್ತಿರಲಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ನನ್ನ ಕೈಯಲ್ಲಿ ಮರ ತೊಳೆಸಿದರು. ಕಪ್ಪು ಪಟ್ಟಿಯ ಹತ್ತಿರ ನನ್ನ ಕೈ ನಿಂತಿತು. ಹೇಳಿಬಿಡಬೇಕೆಂದು ತಿರುಗಿದೆ. ಅಷ್ಟರಲ್ಲಿ ಅವರೇ, "ಇರ್ಲಿ ಬಿಡವಾ. ತಿಳೀಲಾರದ ಜೀವ, ಮಾಡ್ಯಾವ. ತಿಳದವ್ರು ಮಾಡಿದ್ರ ಮಾತು ಬ್ಯಾರೆ. ಒಳಗ ಶೇಂಗಾ ಅದ, ತಂದು ಹಾಕು" ಎಂದರು.

ನಾನು ಒಳಗಿನಿಂದ ಶೇಂಗಾ ತಂದು ಗೋಡೆಯ ಮೇಲೆ ಇಟ್ಟೆ.

ಜನವರಿಯಲ್ಲಿ ಕಾಕಾ ತೀರಿಕೊಂಡರು. ಶ್ರೀಕಾರ ಬರೆದ ಆ ಪಟ್ಟಿ ಇನ್ನೂ ನಮ್ಮ ದೇವರ ಗೂಡಿನಲ್ಲಿದೆ. ದೀಪ ಹಚ್ಚುವಾಗ ಅದರ ಕಡೆ ನೋಡಲು ನಾಚಿಕೆಯಾಗುತ್ತದೆ. ಗೋಡೆಯ ಮೇಲೆ ದಿನಾ ಶೇಂಗಾ ಇಡುತ್ತೇನೆ. ತಪ್ಪೇ ಮಾಡದ ಅಳಿಲುಗಳನ್ನು ಕಾಕಾ ಕ್ಷಮಿಸಿ ಹೋದರು. ನಾನು ಕ್ಷಮೆ ಕೇಳಲೇ ಇಲ್ಲ.