ವಾಟಿಯ ಬ್ರಷ್ ಒಣಗಿದ ಸಂಜೆ

ಕ್ಷೌರದ ಬ್ರಷ್ಷನ್ನು ಒಣಗಿಸಿಯೇ ಚೀಲಕ್ಕೆ ಹಾಕಬೇಕು ಎಂದು ಇನ್ನಿಸ್ ಡಫಸ್‌ಗೆ ಅವನ ತಾಯಿ ಹೇಳಿದ್ದಳು. ಚೀಲದೊಳಗಿದ್ದ ಕಂಪನಿಯ ಚೀಟಿಯೂ ಅದನ್ನೇ ಹೇಳಿತ್ತು. ಎರಡನ್ನೂ ಅವನು ಸಮಾನ ಗೌರವದಿಂದ ಮರೆತಿದ್ದ.

ಉತ್ತರ ಸಮುದ್ರದ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತ ತೈಲದ ರಿಗ್‌ನಲ್ಲಿ ಅವನಿಗೆ ಬಣ್ಣ ಬಳಿಯುವ ಕೆಲಸ. ಆ ತುದಿಯವರೆಗೆ ಬಳಿದು ಮುಗಿಸುವಷ್ಟರಲ್ಲಿ ಈ ತುದಿಗೆ ತುಕ್ಕು ಹಿಡಿದಿರುತ್ತಿತ್ತು. ಹಾಗಾಗಿ ತನ್ನ ನೌಕರಿಯನ್ನು ದೇವರೂ ಕಿತ್ತುಕೊಳ್ಳಲಾರ ಎಂದು ಅವನು ಹೇಳಿಕೊಳ್ಳುತ್ತಿದ್ದ. ರಿಗ್‌ನಲ್ಲಿ ಗಡ್ಡ ಬಿಡುವಂತಿಲ್ಲ. ತೈಲಬಾವಿಯಿಂದ ವಿಷಗಾಳಿ ನುಗ್ಗಿದರೆ ಮುಖವಾಡ ಕೆನ್ನೆಗೆ ಅಂಟಿ ಕೂರಬೇಕು. ನಡುವೆ ನಾಲ್ಕು ಕೂದಲಿದ್ದರೂ ಸಾಕು, ಗಾಳಿ ಒಳಗೆ ಬರುತ್ತದೆ, ಜೀವ ಹೊರಗೆ ಹೋಗುತ್ತದೆ. ಅದಕ್ಕೇ ಎರಡು ವರ್ಷದ ಹಿಂದಿನ ಕ್ರಿಸ್‌ಮಸ್‌ನಲ್ಲಿ ಬೋನಸ್ಸಿಗೆ ಬಾಯಿ ಬಿಟ್ಟುಕೊಂಡು ಕಾದವರಿಗೆಲ್ಲ ಕಂಪನಿ ಒಂದೊಂದು ಕ್ಷೌರದ ಚೀಲ ಕೊಟ್ಟಿತ್ತು. ರೇಜರ್, ಸೋಪಿನ ಡಬ್ಬಿ, ಬ್ರಷ್ಷು, ಬ್ರಷ್ಷಿಗೊಂದು ತೂತಿನ ಕೊಳವೆ. ಎಲ್ಲರದ್ದೂ ಒಂದೇ ತರಹ.

ಇನ್ನಿಸ್‌ನ ಕೋಣೆಯಲ್ಲಿ ಇನ್ನೊಬ್ಬನಿದ್ದ. ಹೆಸರು ವಾಟಿ ಸ್ಲೇಟರ್. ಇನ್ನಿಸ್‌ಗೆ ಹಗಲಿನ ಪಾಳಿ, ವಾಟಿಗೆ ರಾತ್ರಿಯದು. ಒಬ್ಬ ಏಳುವಾಗ ಇನ್ನೊಬ್ಬ ದುಡಿಯುತ್ತಿರುತ್ತಿದ್ದ. ಎರಡು ವರ್ಷ ಒಂದೇ ಕೋಣೆಯಲ್ಲಿ ಮಲಗಿದರೂ ಇನ್ನಿಸ್ ಅವನನ್ನು ಕಂಡದ್ದು ಶಿರಸ್ತ್ರಾಣ, ಕನ್ನಡಕ, ಕಿತ್ತಲೆ ಬಣ್ಣದ ಉಡುಪಿನ ಒಳಗೆ ಮಾತ್ರ, ಅಂದರೆ ಕಂಡಿರಲಿಲ್ಲ. ವಾಟಿ ಬಕಿ ಊರಿನವನು, ಹೆಂಡತಿ ತೀರಿಹೋಗಿದ್ದಾಳೆ, ಮಕ್ಕಳಿಲ್ಲ, ಮೊದಲು ಮೀನಿನ ದೋಣಿಯಲ್ಲಿದ್ದ ಎಂಬುದು ಊಟದ ಮನೆಯಲ್ಲಿ ಸಿಕ್ಕ ಸುದ್ದಿ. ಉಳಿದದ್ದನ್ನೆಲ್ಲ ಕೈತೊಳೆಯುವ ಬೇಸಿನ್ನೇ ಹೇಳುತ್ತಿತ್ತು. ಅಂಚಿನಲ್ಲಿ ಒಂದು ನರೆಗೂದಲೂ ಉಳಿಯುತ್ತಿರಲಿಲ್ಲ. ಕನ್ನಡಿ ಒರೆಸಿರುತ್ತಿತ್ತು. ಗಾಳಿಯಲ್ಲಿ ಡಾಂಬರು ಬೆರೆತ ಸೋಪಿನ ವಾಸನೆ. ಇನ್ನಿಸ್ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಹೋದ ಬ್ರಷ್ಷನ್ನು ಯಾರೋ ಹಿಂಡಿ, ಕೂದಲು ಕೆಳಗಾಗುವಂತೆ ಮೊಳೆಗೆ ನೇತುಹಾಕಿರುತ್ತಿದ್ದರು. ಬೈಗುಳವಿಲ್ಲ, ಚೀಟಿಯಿಲ್ಲ. ದಿನವೂ ನಿಲ್ಲಿಸುವುದು, ದಿನವೂ ನೇತುಹಾಕುವುದು. ಎರಡು ವರ್ಷದ ಗೆಳೆತನವೆಂದರೆ ಇಷ್ಟೇ.

ಆ ಸಲ ಇನ್ನಿಸ್‌ನ ಸರದಿ ಮುಗಿದು ಮನೆಗೆ ಹೊರಡುವ ದಿನ ಮಂಜು ಇಳಿಯುತ್ತಿದೆಯೆಂದು ಹೆಲಿಕಾಪ್ಟರ್ ಬೇಗ ಬಂತು. ವಾಟಿಗೆ ಇನ್ನೂ ಒಂದು ವಾರವಿತ್ತು. ಅವನು ಪರದೆ ಎಳೆದು ಮಲಗಿದ್ದ. ಇನ್ನಿಸ್ ದೀಪ ಹಾಕದೆ ತನ್ನ ಮೊಳೆಯಲ್ಲಿದ್ದ ಬ್ರಷ್ಷನ್ನು ತೆಗೆದು, ಒದ್ದೆಯೋ ಒಣಗಿದೆಯೋ ನೋಡದೆ ಕೊಳವೆಗೆ ತುರುಕಿ ಓಡಿದ.

ಮಾರನೆಯ ಸಂಜೆ ಪೀಟರ್‌ಹೆಡ್‌ನ ಮನೆಯಲ್ಲಿ ಅವನ ತಾಯಿ ಎಫಿ ಬಚ್ಚಲಿನಿಂದ ಕೂಗಿದಳು. ಬೇಕರಿಯಲ್ಲಿ ದಿನವಿಡೀ ನಿಂತು ಬಂದವಳ ಕೂಗು.

"ಏನೋ ಇದು, ನೆಲವೆಲ್ಲ ನೊರೆ! ಶೇವ್ ಮಾಡ್ಕೊಂಡ್ಯೇನೋ?"

"ಇಲ್ಲಮ್ಮ."

"ಅದೂ ಸರಿ. ನಿನ್ನ ಮುಖ ನೋಡಿದ್ರೆ ಮುಳ್ಳುಹಂದಿ ನಾಚ್ಕೋಬೇಕು. ಮತ್ತೆ ಈ ಬ್ರಷ್ ಯಾಕೆ ತೊಟ್ಟಿಕ್ತಿದೆ?"

ಇನ್ನಿಸ್ ಬಂದು ನೋಡಿದ. ಬೆಳಿಗ್ಗೆ ಅವನೇ ಚೀಲದಿಂದ ತೆಗೆದು ಬಿಸಿನೀರಿನ ಪೈಪಿನ ಪಕ್ಕ ತೂಗುಹಾಕಿದ್ದ, ಮಧ್ಯಾಹ್ನಕ್ಕೆಲ್ಲ ಗರಿಗರಿಯಾಗಿತ್ತು. ಈಗ ಕೂದಲಿನ ತುದಿಯಿಂದ ನೊರೆ ಜಾರುತ್ತಿತ್ತು. ಡಾಂಬರಿನ ವಾಸನೆ. ಹಿಡಿಯನ್ನು ತಿರುಗಿಸಿದಾಗ ಬಲೆ ಹೆಣೆಯುವ ದಾರವನ್ನು ಅದರ ಸುತ್ತ ಒತ್ತಾಗಿ ಸುತ್ತಿ ಬಿಗಿದಿರುವುದು ಕಂಡಿತು. ಅದು ತನ್ನದಲ್ಲ, ವಾಟಿಯದು.

ಪೈಪು ಸೋರುತ್ತಿರಬೇಕು ಎಂದುಕೊಂಡ. ಪೈಪು ಒಣಗಿತ್ತು. ಮರುದಿನ ಬ್ರಷ್ಷನ್ನು ಅಡಿಗೆಮನೆಯ ಬ್ರೆಡ್ ಡಬ್ಬಿಯ ಮೇಲೆ ಇಟ್ಟು, ಎದುರಿಗೆ ಚಹಾ ಹಿಡಿದು ಕೂತ. ಐದು ಗಂಟೆಯ ಹೊತ್ತಿಗೆ ಕೂದಲುಗಳ ತುದಿ ಕಪ್ಪಾಯಿತು. ನೀರು ಮೇಲಿನಿಂದ ಬೀಳಲಿಲ್ಲ, ಕೆಳಗಿನಿಂದ ಏರಲಿಲ್ಲ, ಒಳಗಿನಿಂದ ಒಸರಿತು. ಆಮೇಲೆ ಕೂದಲು ಒಂದು ಬದಿಗೆ ಬಾಗಿದವು, ಇನ್ನೊಂದು ಬದಿಗೆ ಬಾಗಿದವು, ನಡುವೆ ಬಿಳಿ ನೊರೆ ಉಬ್ಬಿತು. ಯಾವುದೋ ಕೆನ್ನೆಯ ಮೇಲೆ ನಿಧಾನವಾಗಿ, ಅಚ್ಚುಕಟ್ಟಾಗಿ ಓಡಾಡುವ ಹಾಗೆ. ಮೂಗಿನ ಕೆಳಗಿನ ಜಾಗಕ್ಕೆ ಬಂದಾಗ ಅದು ಕೊಂಚ ಹೊತ್ತು ಅಲ್ಲೇ ನಿಂತಂತಿತ್ತು. ಇನ್ನಿಸ್‌ನ ಚಹಾ ತಣ್ಣಗಾಯಿತು.

ಐದು ಗಂಟೆಯೆಂದರೆ ವಾಟಿ ಎದ್ದು, ಪಾಳಿಗೆ ಹೊರಡುವ ಮುನ್ನ ಕನ್ನಡಿಯ ಮುಂದೆ ನಿಲ್ಲುವ ಹೊತ್ತು.

ಅವನು ತಾಯಿಗೆ ಹೇಳಿದ, ನಗುತ್ತಾಳೆಂದು ಕಾದ. ಅವಳು ಆಲೂಗಡ್ಡೆ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ನೀನು ಹೆಲಿಕಾಪ್ಟರ್ ಹತ್ತೋ ದಿನ ನಾನು ನಿನ್ನ ಬಟ್ಟೆ ಒಗೀತೀನಾ?"

"ಇಲ್ಲ."

"ಯಾಕೆ ಅಂತ ಯಾವತ್ತಾದ್ರೂ ಕೇಳಿದ್ಯಾ?"

"ಸೋಮಾರಿತನ ಅಂದ್ಕೊಂಡಿದ್ದೆ."

"ಒಗೆದ್ರೆ ನೀರು ಬಟ್ಟೆಯವನನ್ನೂ ಎಳ್ಕೊಳ್ಳುತ್ತೆ. ಈ ಊರಲ್ಲಿ ಯಾರ ಮನೇಲೂ ಒಗೆಯಲ್ಲ. ಸಮುದ್ರದ ಮೇಲಿರೋರ ಸಾಮಾನಿನ ತಂಟೆಗೆ ಹೋಗ್ಬಾರ್ದು ಕಣೋ. ಅದು ಹೇಗಿದೆಯೋ ಹಾಗೇ ಇರ್ಲಿ."

ಇನ್ನಿಸ್ ಒಂದೆರಡು ದಿನ ಹಾಗೇ ಬಿಟ್ಟ. ಆದರೆ ಅವನೂ ಸುರಕ್ಷತೆಯ ತರಬೇತಿಯ ಸರ್ಟಿಫಿಕೇಟುಗಳಿದ್ದ ಗಂಡಸು. ಅವುಗಳಲ್ಲಿ ಒಂದು ಮುಳುಗಿದ ಹೆಲಿಕಾಪ್ಟರಿನಿಂದ ಈಜಿ ಹೊರಬರುವುದಕ್ಕೆ ಕೊಟ್ಟದ್ದು. ಅಂಥವನು ಸಂಜೆಯಾದರೆ ಹಿಡಿಯಷ್ಟು ಪ್ರಾಣಿಯ ಕೂದಲಿಗೆ ಹೆದರಿ ಟಿವಿಯ ಸದ್ದು ಜೋರು ಮಾಡಿಕೊಳ್ಳುವುದೆಂದರೆ! ತಾಯಿ ಇನ್ನೂ ಬೇಕರಿಯಿಂದ ಬಂದಿರದ ಒಂದು ಸಂಜೆ, ಬ್ರಷ್ಷು ಒದ್ದೆಯಾದ ಕೂಡಲೇ ಅದನ್ನು ಹಿಂಡಿ, ಅವಳ ಹೇರ್ ಡ್ರೈಯರ್ ತಂದು ಅತಿ ಜೋರಿನ ಬಿಸಿಗಾಳಿ ಬಿಟ್ಟ. ಕೂದಲು ಸುಟ್ಟ ವಾಸನೆ ಬರುವವರೆಗೂ ಬಿಟ್ಟ. ಬ್ರಷ್ಷು ಊದಿದರೆ ಹಾರಿಹೋಗುವ ದಂಡೇಲಿಯನ್ ಹೂವಿನ ಹಾಗೆ ಅರಳಿ ನಿಂತಿತು. ಗೆದ್ದೆ ಎಂದುಕೊಂಡು ಬಿಯರ್ ಬಾಟಲಿ ತೆಗೆದ.

ಮರುದಿನ ಐದು ಗಂಟೆಯಾಯಿತು. ಬ್ರಷ್ಷು ಒದ್ದೆಯಾಗಲಿಲ್ಲ.

ಮೊದಲು ಖುಷಿಯಾಯಿತು. ಗಡಿಯಾರದ ಮುಳ್ಳು ಸ್ವಲ್ಪ ಸರಿದ ಮೇಲೆ ಟಿವಿ ಆರಿಸಿ ಬ್ರಷ್ಷಿನ ಹತ್ತಿರ ಬಂದ. ವಾಟಿ ಎಂದೂ ತಡ ಮಾಡುವವನಲ್ಲ. ಅದು ಬೇಸಿನ್ ಹೇಳಿದ ಮಾತು. ಇನ್ನಿಸ್ ಬೆರಳಿನಿಂದ ಕೂದಲು ಮುಟ್ಟಿದ. ಸುಟ್ಟ ತುದಿಗಳು ಪುಡಿಯಾಗಿ ಉದುರಿದವು. ನಲ್ಲಿಯ ಕೆಳಗೆ ಹಿಡಿದ. ನೀರು ಮೇಣದ ಮೇಲೆ ಜಾರಿದಂತೆ ಜಾರಿಹೋಯಿತು, ಒಂದು ಹನಿಯೂ ಒಳಗಿಳಿಯಲಿಲ್ಲ.

ರಿಗ್‌ನ ನರ್ಸ್ ಶೋನಾಗೆ ಫೋನ್ ಮಾಡಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಅಲ್ಲಿ ಒಮ್ಮೆ ಊಟದ ಮನೆಯಲ್ಲಿ ಅತ್ತವನೊಬ್ಬನನ್ನು ಹತ್ತು ವರ್ಷದ ಮೇಲೂ 'ಈರುಳ್ಳಿ' ಎನ್ನುತ್ತಿದ್ದರು. ಆದರೂ ಮಾಡಿದ.

"ವಾಟಿ ಎದ್ದಿದಾರಾ ನೋಡ್ತೀಯಾ?"

"ನೀನು ಅವರ ಹೆಂಡತಿಯಾ?"

"ಶೋನಾ, ದಯವಿಟ್ಟು. ಬಾಗಿಲು ತಟ್ಟಿ ನೋಡು."

"ಯಾಕೆ, ಏನಾಯ್ತು?"

ಸುಳ್ಳೊಂದನ್ನು ಹುಡುಕಿದ, ಸಿಗಲಿಲ್ಲ. "ಅವರ ಬ್ರಷ್ ಒಣಗಿದೆ."

"ಕುಡಿದಿದ್ದೀಯಾ?"

"ಒಂದೇ ಬಿಯರು, ಅದೂ ನಿನ್ನೆ. ಬಾಗಿಲು ತಟ್ಟು. ಅವರು ಚೆನ್ನಾಗಿದ್ರೆ ಇಡೀ ರಿಗ್ಗಿಗೆ ಹೇಳ್ಕೊಂಡು ನಗು. ನಾನೇ ಮೈಕು ಹಿಡೀತೀನಿ."

ಶೋನಾ ಹೋದಳು. ನಗುವ ವಿಷಯ ಸಿಕ್ಕಿತೆಂದೇ ಹೋದಳು, ಹಾಗಂತ ಆಮೇಲೆ ಅವಳೇ ಹೇಳಿದಳು. ನಲ್ಲಿ ಹರಿಯುತ್ತಿತ್ತು. ಕನ್ನಡಿಯ ಮುಂದಿನ ಸ್ಟೂಲಿನ ಮೇಲೆ ವಾಟಿ ಕೂತಿದ್ದ, ಕಣ್ಣು ತೆರೆದಿತ್ತು, ಬಲಗೈ ಮಡಿಲಲ್ಲಿ ಬೇರೆಯವರ ಕೈಯಂತೆ ಬಿದ್ದಿತ್ತು. ಪಾಳಿ ಶುರುವಾಗುವವರೆಗೂ ಅವನನ್ನು ಯಾರೂ ಹುಡುಕುತ್ತಿರಲಿಲ್ಲ. ಹೆಲಿಕಾಪ್ಟರ್ ಬಂದು ಕರೆದೊಯ್ದಿತು.

ಅಬರ್ಡೀನ್‌ನ ಆಸ್ಪತ್ರೆಗೆ ಇನ್ನಿಸ್ ಬ್ರಷ್ಷನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಹೋದ. ಎರಡು ವರ್ಷ ಒಂದೇ ಕೋಣೆಯಲ್ಲಿದ್ದ ಮನುಷ್ಯನ ಮುಖವನ್ನು ಅಂದು ಮೊದಲು ನೋಡಿದ. ದೊಡ್ಡ ಕಿವಿ, ಸಮುದ್ರದ ಬಿಸಿಲಿಗೆ ಚರ್ಮವಾದ ಕೆನ್ನೆ, ಅದರ ಮೇಲೆ ಬಿಳಿಯ ಗಡ್ಡದ ಚಿಗುರು. ಬಾಯಿಯ ಒಂದು ಬದಿ ಜಾರಿತ್ತು. ಮಾತು ಕಲ್ಲುದಾರಿಯಲ್ಲಿ ನಡೆದಂತೆ ಬರುತ್ತಿತ್ತು.

"ನೀನೇನಾ ಬ್ರಷ್ ನಿಲ್ಸಿ ಹೋಗೋ ಹುಡುಗ?"

"ಹೌದು. ನಿಮ್ಮದು ಅಪ್ಪಿತಪ್ಪಿ ನನ್ನ ಜೊತೆ ಬಂದ್ಬಿಡ್ತು."

"ಅಪ್ಪಿತಪ್ಪಿ ಏನಿಲ್ಲ. ನಿನ್ನ ಮೊಳೆಗೆ ಅದನ್ನ ನಾನೇ ತೂಗುಹಾಕಿದ್ದು. ನೀನು ನೋಡದೇ ತುರುಕ್ತೀಯ ಅಂತ ಗೊತ್ತಿತ್ತು ಮರಿ. ಎರಡು ವರ್ಷದಲ್ಲಿ ನಿನ್ನ ಬಗ್ಗೆ ಅಷ್ಟು ಕಲಿಯೋಕೆ ಆಗಲ್ವಾ?"

ಇನ್ನಿಸ್ ಕುರ್ಚಿ ಎಳೆದುಕೊಂಡ.

"ಬೆರಳು ಜುಮ್ಮೆನ್ನೋಕೆ ಶುರುವಾಗಿತ್ತು," ಎಂದ ವಾಟಿ. "ನಮ್ಮಪ್ಪ ಸರಕಿನ ಹಡಗಲ್ಲಿದ್ದ. ಹೋಗ್ವಾಗ ತನ್ನ ಬ್ರಷ್ ಮನೇಲಿ ಬಿಟ್ಟು ಹೋಗೋನು. ಅಮ್ಮ ದಿನಾ ಮುಟ್ಟಿ ನೋಡೋಳು. ಒಂದಿನ ಅದು ಒಣಗೇ ಇತ್ತು, ಅವತ್ತೇ ಸೂತಕದ ಕಪ್ಪು ಬಟ್ಟೆ ತೆಗೆದಿಟ್ಲು. ಹಡಗಿನ ಸುದ್ದಿ ಬಂದಿದ್ದು ಆಮೇಲೆ. ನನಗೆ ಮನೇಲಿ ಯಾರಿದಾರೆ ಮುಟ್ಟಿ ನೋಡೋಕೆ? ನಿನಗೆ ಅಮ್ಮ ಇದಾಳೆ ಅಂತ ಕೇಳಿದ್ದೆ. ನೀನು ನೋಡದಿದ್ರೂ ಅವಳು ನೋಡ್ತಾಳೆ ಅಂದ್ಕೊಂಡೆ."

"ಮತ್ತೆ ನೀವು ಬ್ರಷ್ ಇಲ್ಲದೆ ಹೇಗೆ...?"

"ಬೆರಳಲ್ಲೇ ನೊರೆ ಮಾಡ್ಕೊಂಡೆ. ನಿನ್ನ ಬ್ರಷ್ ಪಕ್ಕದಲ್ಲೇ ಇತ್ತು. ಒಂದು ದಿನಾನೂ ಒದ್ದೆ ಆಗ್ಲಿಲ್ಲ. ಹುಡುಗ ಹೋಗೇಬಿಟ್ನಾ ಅಂತ ಎದೆ ಹೊಡ್ಕೊಳ್ತು. ರಜೆಯಲ್ಲಿ ಮುಖಾನೇ ತೊಳೆಯದ ಸೋಮಾರಿ ಅಂತ ಆಮೇಲೆ ಹೊಳೀತು."

ಇನ್ನಿಸ್ ನಕ್ಕ. ವಾಟಿ ಅರ್ಧ ಬಾಯಲ್ಲಿ ನಕ್ಕ. ಆಮೇಲೆ ಎಡಗೈಯಿಂದ ಬಲಗೆನ್ನೆಯನ್ನು ಸವರಿಕೊಂಡ.

"ಒಂದು ಕೇಳ್ಬೇಕಿತ್ತು. ಹೀಗಾಗೋ ಹಿಂದಿನ ಸಂಜೆ ಶೇವ್ ಮಾಡ್ತಾ ನಿಂತಿದ್ದೆ, ಈ ಕೆನ್ನೆಗೆ ಬಿಸಿಗಾಳಿ ಬಡೀತು. ಕಿಟಕಿ ಇಲ್ಲದ ಕೋಣೆ. ಬಡೀತಾನೇ ಇತ್ತು. ಮಾರನೇ ಸಂಜೆ ಈ ಕಡೆ ಮರಗಟ್ಟಿ ಹೋಯ್ತು. ನೀನೇನಾದ್ರೂ...?"

"ಅಮ್ಮನ ಹೇರ್ ಡ್ರೈಯರ್," ಎಂದ ಇನ್ನಿಸ್. "ಅದರಿಂದ್ಲೇನಾ ಇದು?"

ವಾಟಿ ದಿಂಬಿಗೆ ಒರಗಿದ. "ರಕ್ತದ ಒತ್ತಡ ಅಂತಾರೆ ಡಾಕ್ಟ್ರು. ಅವರು ಓದಿದೋರು, ನಂಬೋಣ." ಕೆನ್ನೆಯಿಂದ ಕೈ ತೆಗೆದು ಹೇಳಿದ, "ಇನ್ನೊಂದ್ಸಲ ಮಾತ್ರ ಮಾಡ್ಬೇಡ."

ಇನ್ನಿಸ್ ಬ್ರಷ್ಷನ್ನು ಮಂಚದ ಪಕ್ಕದ ಮೇಜಿನ ಮೇಲಿಟ್ಟ. ವಾಟಿ ಅದನ್ನು ಎಡಗೈಯಿಂದ ಅವನ ಕಡೆಗೇ ದೂಡಿದ.

"ನಿನ್ನ ಹತ್ರಾನೇ ಇರ್ಲಿ. ರಿಗ್ಗಿಗೆ ನನ್ನ ಮತ್ತೆ ಸೇರಿಸಲ್ಲ. ಬಕಿಯಲ್ಲಿ ನಾನು ಎದ್ನೋ ಇಲ್ವೋ ಅಂತ ಯಾರಿಗಾದ್ರೂ ಗೊತ್ತಾಗ್ಲಿ. ನಿನ್ನದು ನನ್ನ ಚೀಲದಲ್ಲಿದೆ, ನಾನಿಟ್ಕೊಳ್ತೀನಿ. ರಜೆಯಲ್ಲೂ ಮುಖಕ್ಕೆ ನೀರು ತೋರ್ಸು, ಸುಮ್ನೆ ನನ್ನ ಹೆದರಿಸ್ಬೇಡ."

ಆಮೇಲಿನಿಂದ ಇನ್ನಿಸ್ ರಜೆಯಲ್ಲೂ ದಿನ ತಪ್ಪದೆ, ಬೆರಳಲ್ಲೇ ನೊರೆ ಮಾಡಿಕೊಂಡು ಕ್ಷೌರ ಮಾಡುತ್ತಾನೆ. ಯಾವ ಹುಡುಗಿಯೋ ಎಂದು ತಾಯಿ ಕೆಣಕಿದರೆ, ಬಕಿಯವಳು, ವಯಸ್ಸು ಸ್ವಲ್ಪ ಹೆಚ್ಚು ಅನ್ನುತ್ತಾನೆ. ಹಗಲಿನ ಪಾಳಿ ಮುಗಿಯುವ ಹೊತ್ತಿಗೆ ಅವನು ಬಣ್ಣದ ಡಬ್ಬಿಯನ್ನು ಯಾರ ಕೈಗಾದರೂ ಕೊಟ್ಟು ವಾಟಿಯ ಬ್ರಷ್ಷು ಒದ್ದೆಯಾಯಿತೇ ಎಂದು ನೋಡಲು ಕೋಣೆಗೆ ಓಡುತ್ತಾನೆ. ಶೋನಾ ಇಡೀ ರಿಗ್ಗಿಗೆ ಹೇಳಿದ್ದಳು. ಅವನ ಹೆಸರು ಈಗ 'ಬ್ರಷ್'. ಆದರೆ ಕೂಗುವವರು ಯಾರೂ ನಗುವುದಿಲ್ಲ.

ಈ ಸಲದ ಸರದಿ ಮುಗಿದ ದಿನವೂ ಮಂಜಿತ್ತು. ಹೆಲಿಕಾಪ್ಟರ್ ಬರುವುದು ಸಂಜೆಗೆ ಮುಂದೆ ಹೋಯಿತು. ರೇಜರ್ ಒರೆಸಿಟ್ಟಿದ್ದ, ಬ್ಲೇಡು ತೆಗೆದಿದ್ದ, ಸೋಪಿನ ಡಬ್ಬಿ ಒಣಗಿಸಿ ಮುಚ್ಚಿದ್ದ. ಚೀಲದ ಬಾಯಿ ತೆರೆದಿತ್ತು. ವಾಟಿಯ ಬ್ರಷ್ಷು ಮೊಳೆಯಲ್ಲಿತ್ತು, ಗರಿಗರಿಯಾಗಿ ಒಣಗಿ. ಯಾರು ನೋಡಿದರೂ ಚೀಲಕ್ಕೆ ಹಾಕಲು ಸರಿಯಾದ ಬ್ರಷ್ಷು.

ಧ್ವನಿವರ್ಧಕ ಅವನ ಹೆಸರು ಕರೆಯಿತು. ಐದು ದಾಟಿತ್ತು.

ವಾಟಿ ಈಗ ಎಡಗೈಯಲ್ಲಲ್ಲವೇ ಮಾಡಿಕೊಳ್ಳುವುದು, ನಿಧಾನವಾಗುತ್ತದೆ, ಎಂದುಕೊಂಡ. ಡಬ್ಬಿಯ ಮುಚ್ಚಳ ತೆಗೆಯುವುದೇ ಕಷ್ಟವಿರಬೇಕು. ಬಾಗಿಲನ್ನು ಯಾರೋ ಗುದ್ದಿದರು. "ಲೋ ಬ್ರಷ್! ನಿನಗೊಬ್ಬನಿಗೇ ಕಾಯ್ಬೇಕಾ? ಬರ್ತೀಯಾ, ಇಲ್ಲೇ ಸಾಯ್ತೀಯಾ?"

"ಬಂದೆ," ಎಂದ ಇನ್ನಿಸ್. ಅಲುಗಲಿಲ್ಲ.

ಧ್ವನಿವರ್ಧಕ ಮತ್ತೆ ಕರೆಯಿತು. ಅವನು ಬ್ರಷ್ಷನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ, ಉಸಿರೂ ಅದಕ್ಕೆ ತಾಕದ ಹಾಗೆ ಮುಖ ತಿರುಗಿಸಿಕೊಂಡು. ಆಮೇಲೆ ಅಂಗೈ ತಣ್ಣಗಾಯಿತು. ಕೂದಲಿನ ತುದಿ ಕಪ್ಪಾಗಿ, ಅಡ್ಡಾದಿಡ್ಡಿಯಾಗಿ, ಅಭ್ಯಾಸವಿಲ್ಲದ ಕೈಯಲ್ಲಿ ಬಾಗಿತು. ಡಾಂಬರಿನ ವಾಸನೆ ಕೋಣೆ ತುಂಬಿತು.

ಹಿಂಡಲಿಲ್ಲ. ನೊರೆ ತೊಟ್ಟಿಕ್ಕುತ್ತಿದ್ದ ಹಾಗೆಯೇ ಅದನ್ನು ಕೊಳವೆಗೆ ಹಾಕಿ, ಚೀಲ ಮುಚ್ಚಿ, ಎದೆಗೊತ್ತಿಕೊಂಡು ಓಡಿದ.