ಸತ್ತಾರ್ ಸಾಬರ ಸ್ಟೂಲು

ನುಸಿಗುಳಿಗೆಯ ವಾಸನೆ ಬಂದರೆ ಉಳಿದವರಿಗೆ ರೇಷ್ಮೆ ಸೀರೆ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಒಂದು ಸ್ಟೂಲು. ಮೊನ್ನೆಯೂ ಹಾಗೇ ಆಯಿತು. ನನ್ನ ಬೀರುವಿನಲ್ಲಿರುವ ಹಳೆಯ ನೋಟ್ಸಿಗೆಲ್ಲ ಹುಳ ಹಿಡಿದಿದೆ, ಎತ್ತಿ ಆಚೆ ಹಾಕುತ್ತೇನೆ ಎಂದು ಸೊಸೆ ಪೊರಕೆ ಹಿಡಿದು ನಿಂತಿದ್ದಳು. ನಾನು ಬೀರುವಿನ ಬಾಗಿಲಿಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಿದ್ದೆ, ಬೀಗದ ಕೈ ಸೊಂಟದಲ್ಲಿ.

"ಅತ್ತೆ, ಐದೇ ನಿಮಿಷ ಏಳಿ."

"ಏಳಲ್ಲ ಹೋಗೇ."

ಎಂಬತ್ತು ದಾಟಿದ ಮೇಲೆ ಹಟಕ್ಕೆ ಕಾರಣ ಕೊಡಬೇಕಾಗಿಲ್ಲ ನೋಡಿ, ಅದೊಂದು ಸುಖ.

ಸ್ಟೂಲಿನ ಕತೆ ಕೇಳಿ. ಅರವತ್ತರ ದಶಕದ ಆರಂಭದಲ್ಲಿ ಶಿರಾದ ಒಂದು ಹೆಣ್ಣುಮಕ್ಕಳ ಶಾಲೆಗೆ ವಿಜ್ಞಾನದ ಟೀಚರಾಗಿ ಹೋದೆ. ವಯಸ್ಸು ಇಪ್ಪತ್ತೊಂದು, ಗಾಳಿ ಬಂದರೆ ಹಾರಿಹೋಗುವ ಮೈ. ಗತ್ತು ಮಾತ್ರ ಮಧುಗಿರಿ ಬೆಟ್ಟದಷ್ಟು. ಶಾಲೆಗೆ ಇದ್ದದ್ದು ಒಂದೇ ಸೂಕ್ಷ್ಮದರ್ಶಕ. ಅದು ಬೀರುವಿನೊಳಗೆ ನುಸಿಗುಳಿಗೆಗಳ ನಡುವೆ ಮಲಗಿತ್ತು. ಬೀರುವಿನ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಲ್ಯಾಬಿನ ಅಟೆಂಡರು ಸತ್ತಾರ್ ಸಾಬರು. ಎದೆಯ ಮೇಲೆ ಕೈಕಟ್ಟಿ, ಮಂಡಿ ಜೋಡಿಸಿ ಕೂತರೆಂದರೆ ಬಾಗಿಲಿಗೆ ಇನ್ನೊಂದು ಬಾಗಿಲು ಹಾಕಿದ ಹಾಗೆ. ಬೀಗದ ಕೈ ಉಡಿದಾರದಲ್ಲಿ. ಯಾವುದೋ ಕಾಲದಲ್ಲಿ ಯಾರೋ ಹೆಡ್‌ಮಿಸ್ಟ್ರೆಸ್ಸು "ಮುರೀದ ಹಾಗೆ ನೋಡ್ಕೊಳ್ಳಿ" ಅಂದಿದ್ದರಂತೆ. ತೆಗೆಯದ ಸಾಮಾನು ಮುರಿಯುವುದಿಲ್ಲ ಎಂಬುದು ಸಾಬರ ಲೆಕ್ಕ.

"ಸಾಬರೇ, ಗಾಜಿಗೆ, ಹಿತ್ತಾಳೆಗೆ ನುಸಿ ಹಿಡಿಯುತ್ತಾ?" ಎಂದು ಕೇಳಿದೆ.

"ಇವತ್ತುಗಂಟ ಹಿಡ್ದಿಲ್ಲ ಕಣಮ್ಮ. ನಾಳೆ ಹೆಂಗೋ ಯಾರು ಕಂಡೋರು?"

ಅಷ್ಟರಲ್ಲಿ ಇನ್‌ಸ್ಪೆಕ್ಟರ ಕಾಗದ ಬಂತು. ಮುಂದಿನ ತಿಂಗಳು ತಪಾಸಣೆ. ಹುಡುಗಿಯರು ಸೂಕ್ಷ್ಮದರ್ಶಕ ಬಳಸದಿದ್ದರೆ ಅದನ್ನು ಮಧುಗಿರಿಯ ಗಂಡುಹುಡುಗರ ಶಾಲೆಗೆ ಕೊಡಲಾಗುವುದು! ನನಗೆ ಮೈಯೆಲ್ಲ ಉರಿಯಿತು. ನನ್ನ ಹುಡುಗಿಯರಲ್ಲಿ ಒಬ್ಬಳೂ ಅದರೊಳಗೆ ಕಣ್ಣಿಟ್ಟಿರಲಿಲ್ಲ. ಸಾಬರಿಗೆ ಗದರಿದೆ, ಕದಲಲಿಲ್ಲ. ಲಿಖಿತ ಆಜ್ಞೆ ಕೊಟ್ಟೆ. ವಿನಯದಿಂದ ಸಹಿ ಹಾಕಿ, ಅದನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕೊನೆಗೆ, ಹೇಳಿಕೊಳ್ಳಲು ನಾಚಿಕೆ, ಅತ್ತೇ ಬಿಟ್ಟೆ.

"ಅಳಬ್ಯಾಡಿ ಟೀಚರಮ್ಮ, ಕಣ್ಣು ಕೆಡ್ತವೆ. ಕಣ್ಣು ಕೆಟ್ರೆ ದುರ್ಬೀನು ಹೆಂಗೆ ನೋಡ್ತೀರ?" ಅಂದರು ಪುಣ್ಯಾತ್ಮರು.

ಮಾರನೆಯ ದಿನ ಹತ್ತನೇ ಕ್ಲಾಸಿನ ಗಂಗಮ್ಮ ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಬಂದಳು. ಏಳೆಂಟು ತಿಂಗಳ ಕೂಸು. "ಅವ್ವ ಕಡ್ಲೆಕಾಯಿ ಕೀಳಕ್ಕೋಗವ್ಳೆ ಟೀಚರ್, ಇವ್ನ ನೋಡ್ಕಳೋರು ಯಾರೂ ಇಲ್ಲ." ಜೀವಕೋಶದ ಪಾಠಕ್ಕೆಂದು ನಾನು ಅವಳನ್ನು ಈರುಳ್ಳಿ ಸಿಪ್ಪೆ ಬಿಡಿಸಲು ಕರೆದೆ. ಅವಳು ಆಚೀಚೆ ನೋಡಿ, ಹತ್ತಿರವಿದ್ದ ಮಡಿಲಿಗೆ ಮಗುವನ್ನು ಇಳಿಸಿದಳು. ಆ ಮಡಿಲು ಸತ್ತಾರ್ ಸಾಬರದು.

ಆಮೇಲೆ ಆದದ್ದನ್ನು ನಾನು ಕಣ್ಣಾರೆ ಕಂಡೆ. ಕಟ್ಟಿದ ಕೈ ಬಿಚ್ಚಿತು. ಒಂದು ಕೈ ಮಗುವಿನ ಕೆಳಗೆ, ಒಂದು ಕತ್ತಿನ ಹಿಂದೆ. ಕಂಬದಂತಿದ್ದ ಬೆನ್ನು ಬಾಗಿತು, ಮಂಡಿ ಬೇರೆಯಾಯಿತು. ಮಗು ಕುಂಯ್ ಅಂದಿತು. ಸಾಬರು ಎದ್ದೇ ಬಿಟ್ಟರು! "ಅರೆರೆ ಮುನ್ನಾ, ಅಳಬಾರ್ದು ಬೇಟಾ" ಎನ್ನುತ್ತ ತೂಗತೊಡಗಿದರು. ಮಗು ಉಡಿದಾರದ ಬೀಗದ ಕೈ ಹಿಡಿದು ಬಾಯಿಗೆ ಎಳೆಯಿತು. ಸಾಬರು ಅದನ್ನು ಬಿಚ್ಚಿ ನನ್ನ ಕಡೆ ಚಾಚಿದರು. "ತಗಳ್ಳಿ ಟೀಚರಮ್ಮ, ಬಾಯಿಗಾಕ್ಕಂತಾನೆ. ತುಕ್ಕು ಹಿಡ್ದೈತೆ." ಎಂದವರೇ ಮಗುವಿನೊಂದಿಗೆ ಜಗಲಿಗೆ ಹೋದರು.

ನಾವು ಕಳ್ಳರ ಹಾಗೆ ಬೀರು ತೆಗೆದೆವು. ಗಂಗಮ್ಮ ಮೊದಲು ಕಣ್ಣಿಟ್ಟಳು. "ಅಯ್ಯೋ ಟೀಚರ್, ಈರುಳ್ಳಿ ಒಳಗೆ ಯಾರೋ ಇಟ್ಗೆ ಗೋಡೆ ಕಟ್ಟವ್ರೆ!" ಮಗು ವಾಪಸ್ಸು ಅಕ್ಕನ ಕಂಕುಳಿಗೆ ಹೋದ ಕೂಡಲೇ ಸಾಬರು ಬೀಗ ಹಾಕಿ, ಮಂಡಿ ಜೋಡಿಸಿ, ಏನೂ ಆಗೇ ಇಲ್ಲವೆಂಬಂತೆ ಕೂತರು.

ಅಲ್ಲಿಂದ ನನ್ನ ವೇಳಾಪಟ್ಟಿ ನಡೆದದ್ದು ಆ ಕೂಸಿನ ಹಾಲು, ನಿದ್ದೆ ನೋಡಿಕೊಂಡು. ಒಂದು ದಿನ ಅವನು ಬರಲಿಲ್ಲವೆಂದು ಇನ್ನೊಬ್ಬಳ ಎರಡು ವರ್ಷದ ತಮ್ಮನನ್ನು ಕೂರಿಸಿ ನೋಡಿದೆವು. ಅವನು ಸಾಬರ ಗಡ್ಡ ಕಿತ್ತ. ಎರಡೇ ನಿಮಿಷಕ್ಕೆ ವಾಪಸ್ಸು ಕೊಟ್ಟರು, ಸ್ಟೂಲಿನಿಂದ ಏಳಲೇ ಇಲ್ಲ.

ತಪಾಸಣೆಯ ದಿನ ನೋಡಿದರೆ ಗಂಗಮ್ಮನ ಕಂಕುಳು ಖಾಲಿ. ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತಿದ್ದಾರೆ. ಸಾಬರು ಸ್ಟೂಲಿನ ಮೇಲಿದ್ದಾರೆ.

"ಮುನ್ನಾ ಎಲ್ಲವ್ವ?" ಎಂದು ಸಾಬರೇ ಕೇಳಿದರು.

"ಜ್ವರ ತಾತ. ಮನೇಲವ್ನೆ."

ಸಾಬರು ಇನ್‌ಸ್ಪೆಕ್ಟರನ್ನು ನೋಡಿದರು, ನನ್ನನ್ನು ನೋಡಿದರು. ನಿಧಾನಕ್ಕೆ ಎದ್ದು, ಬೀಗದ ಕೈ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. "ಒಂದ್ಗಳಿಗೆ ಮಗೀನ ನೋಡ್ಕಂಡು ಬಂದ್ಬುಡ್ತೀನಿ" ಎಂದು ಹೊರಟೇ ಹೋದರು. ಸೂಕ್ಷ್ಮದರ್ಶಕ ಶಿರಾದಲ್ಲೇ ಉಳಿಯಿತು.

ನಾಲ್ಕೈದು ವರ್ಷದ ಮೇಲೆ ಬೇಸಿಗೆ ತರಬೇತಿಗೆಂದು ಮೈಸೂರಿಗೆ ಹೋಗಿದ್ದೆ. ಪ್ರೊಫೆಸರೊಬ್ಬರು ಹೊಸ ವಿಷಯ ಹೇಳಿದರು. ಹಾಲಿನ ಸಕ್ಕರೆಯನ್ನು ಅರಗಿಸುವ ಸೂತ್ರ ಬ್ಯಾಕ್ಟೀರಿಯಾದೊಳಗೆ ಬರೆದಿಟ್ಟಿದೆಯಂತೆ. ಅದನ್ನು ಯಾರೂ ಓದದಂತೆ ಒಂದು ಪ್ರೋಟೀನು ಅಡ್ಡ ಕೂತಿರುತ್ತದೆ. ಸಕ್ಕರೆಯ ಒಂದು ಕಣ ಬಂದು ಅದರ ಮಡಿಲಿಗೆ ಕೂತರೆ ಪ್ರೋಟೀನಿನ ಆಕಾರವೇ ಬದಲಾಗಿ, ಇನ್ನೊಂದು ಕಡೆಯ ಹಿಡಿತ ಸಡಿಲವಾಗಿ, ಎದ್ದುಹೋಗುತ್ತದೆ. ಸಕ್ಕರೆ ಮುಗಿದರೆ ಮತ್ತೆ ಬಂದು ಕೂರುತ್ತದೆ. ಸಿಕ್ಕಿದ ಸಕ್ಕರೆಯೆಲ್ಲ ಆಗುವುದಿಲ್ಲ, ಮಡಿಲಿಗೆ ಹೊಂದುವಂಥದ್ದೇ ಬೇಕು. ನಾನು ಕಿಸಕ್ಕನೆ ನಕ್ಕೆ.

"ಏನಮ್ಮಾ, ನಗೋ ಅಂಥದ್ದೇನಿದೆ?"

"ಏನಿಲ್ಲ ಸಾರ್. ಇದು ನಮ್ಮ ಶಿರಾದಲ್ಲಿದೆ."

ಊರಿಗೆ ಬಂದು ಸಾಬರಿಗೆ ಎಲ್ಲ ವಿವರಿಸಿದೆ. ಅವರಿಗೆ ರಿಟೈರಾಗಲು ಒಂದು ವಾರವಿತ್ತು. ಗಂಭೀರವಾಗಿ ಕೇಳಿಸಿಕೊಂಡರು.

"ಅವ್ನು ಸಕ್ಕರೆ ಬರ್ದೆ ಏಳಾಕಿಲ್ವಾ?"

"ಇಲ್ಲ ಸಾಬರೇ."

"ಪಾಪ, ಅವ್ನಿಗೂ ಒಂದು ನೆಪ ಬೇಕೇನೋ." ಆಮೇಲೆ ಮೆಲ್ಲಗೆ ಅಂದರು: "ನೀವು ಅತ್ತಿದ್ ದಿನಾನೇ ಬೀಗ ತೆಗೀಬೇಕು ಅನ್ನಿಸ್ತು ಕಣಮ್ಮ. ಅಷ್ಟು ವರ್ಸ ಆಗಾಕಿಲ್ಲ ಅಂತ ಕೂತಿದ್ದೋನು ಸುಮ್‌ಸುಮ್ನೆ ಹೆಂಗೆ ಏಳಾದು?"

ಆ ಮಾತಿಗೆ ನನಗೆ ಎರಡನೇ ಸಲ ಅಳು ಬಂತು. ಈ ಸಲ ಕಣ್ಣು ಕೆಡುತ್ತದೆ ಎಂದು ಅವರು ಹೇಳಲಿಲ್ಲ.

ಮೊನ್ನೆ ಇದೆಲ್ಲ ನೆನೆಯುತ್ತ ನಾನು ಕೂತೇ ಇದ್ದೆ. ಸೊಸೆ ಪೊರಕೆ ಕೆಳಗಿಟ್ಟು ಒಳಗೆ ಹೋದಳು. ಸೋತಳು ಎಂದುಕೊಂಡೆ. ಬಂದವಳು ಮರಿಮಗಳನ್ನು ನನ್ನ ಮಡಿಲಿಗೆ ಹಾಕಿದಳು, ಮುಖದಲ್ಲಿ ಏನೂ ಅರಿಯದ ಭಾವ. ಎಲ ಎಲಾ! ಈ ಆಟ ನನಗೆ ಗೊತ್ತಿಲ್ಲವೇ? ಆದರೆ ಹಾಳು ಕೈಗಳು ಆಗಲೇ ಬಿಚ್ಚಿಕೊಂಡಿದ್ದವು. ಮಗು ಕುಂಯ್ ಅಂದಿತು. ಎದ್ದೆ. ಸೊಂಟದ ಬೀಗದ ಕೈಗೆ ಅದು ಬಾಯಿ ಹಾಕಿತು.

ಬಿಚ್ಚಿ ಸೊಸೆಯ ಕೈಗೆ ಕೊಟ್ಟೆ. "ತಗೋ, ತುಕ್ಕು ಹಿಡಿದಿದೆ" ಎಂದೆ.

ಅದು ಫಳಫಳ ಹೊಳೆಯುತ್ತಿತ್ತು.